ನಮ್ಮ ಮನೆಯ ಬಾಸು, ಪಕ್ಕದ ಮನೆಯ ಕಾವು

ಇಪ್ಪತ್ತಮೂರು ಸಾವಿರದ ಐನೂರು ರೂಪಾಯಿ. ಅಂಗಡಿಯವನು ಮೊದಲು ಹೇಳಿದ್ದು ಮೂವತ್ತೊಂದು. ಆ ಏಳೂವರೆ ಸಾವಿರ ಇಳಿಸುವುದಕ್ಕೆ ನನಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಎರಡು ಸಲ ಅಂಗಡಿಯ ಮೆಟ್ಟಿಲಿಳಿದೆ. ಒಂದು ಸಲ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನವರೆಗೂ ನಡೆದು ಹೋಗಿ ವಾಪಸ್ ಬಂದೆ.

ಅಷ್ಟು ಕೊಟ್ಟು ತಂದಿದ್ದೇನು? ಹೋಮ್ ಥಿಯೇಟರ್. ಐದು ಪುಟ್ಟ ಸ್ಪೀಕರ್, ಅವನ್ನೆಲ್ಲ ಆಳುವ ಒಂದು ರಿಸೀವರ್, ಜೊತೆಗೆ ಸಬ್‌ವೂಫರ್ ಎಂಬ ಅಕ್ಕಿ ಡಬ್ಬದಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ದಪ್ಪ ದನಿ, ಅಂದರೆ ಬಾಸ್, ಹೊರಡುವುದು ಈ ಪೆಟ್ಟಿಗೆಯಿಂದ.

ಯಾಕೆ ತಂದೆ? ನನ್ನ ಹೆಂಡತಿ ಶೋಭಾಳ ಒಂದೇ ಒಂದು ಪ್ರಶ್ನೆಯಿಂದ ನನಗೆ ಬಿಡುಗಡೆ ಬೇಕಾಗಿತ್ತು. 'ಏನಂದ?'

ಈಗಿನ ಟಿವಿಗಳನ್ನು ನೋಡಿದ್ದೀರಲ್ಲ, ಹಪ್ಪಳದ ಹಾಗೆ ತೆಳ್ಳಗೆ. ಅಷ್ಟು ತೆಳ್ಳಗಿನ ವಸ್ತುವಿನಲ್ಲಿ ಸ್ಪೀಕರನ್ನು ಎಲ್ಲಿಡುತ್ತಾರೆ? ಬೆನ್ನಿಗೆ. ಹೀರೋ ಮುಖ ಮಾಡುವುದು ನಮ್ಮ ಕಡೆ, ಮಾತಾಡುವುದು ಗೋಡೆಯ ಕಡೆ. ಶೋಭಾ ಪ್ರತಿ ಡೈಲಾಗಿಗೂ 'ಏನಂದ?' ಅನ್ನುತ್ತಾಳೆ. ನಾನು ಹೇಳಿ ಮುಗಿಸುವಷ್ಟರಲ್ಲಿ ಅವನು ಮುಂದಿನದನ್ನು ಅಂದಿರುತ್ತಾನೆ. ಅದಕ್ಕೂ 'ಏನಂದ?' ಎರಡು ಗಂಟೆಯ ಸಿನಿಮಾ ನಮ್ಮ ಮನೆಯಲ್ಲಿ ಮೂರೂವರೆ ಗಂಟೆ ಓಡುತ್ತಿತ್ತು.

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಬಿಜು ಎಂಬುವನ ಸ್ಪೀಕರ್ ಅಂಗಡಿ ಇದೆ. ವಯನಾಡಿನವನು. ಇಲ್ಲಿ ಬಂದು ಬಹಳ ವರ್ಷ ಆಗಿದ್ದರಿಂದ ಕನ್ನಡ ಸಲೀಸು. ರೇಗಿದಾಗ ಮಾತ್ರ ಮಲಯಾಳ ಇಣುಕುತ್ತದೆ. ನಾನಾದರೂ ಯಾರು? ಚಾಮರಾಜನಗರದಲ್ಲಿ ಪೈಪು, ನಲ್ಲಿ, ಮೊಳೆ ಮಾರುವ ಹಾರ್ಡ್‌ವೇರ್ ಅಂಗಡಿಯವನು. ಶುರು ಮಾಡಿದ್ದು ಚಂದಕವಾಡಿ ಸುತ್ತಮುತ್ತ ಸೈಕಲ್ಲಿನ ಮೇಲೆ ಪ್ಲಾಸ್ಟಿಕ್ ಬಿಂದಿಗೆ ಮಾರಿಕೊಂಡು. ಬೀದಿಯ ನಲ್ಲಿಯ ಮುಂದೆ ನಿಂತ ಹೆಂಗಸರ ಜೊತೆ ಬಿಂದಿಗೆಯ ರೇಟು ಮಾತಾಡಿ ಬದುಕಿ ಉಳಿದವನಿಗೆ ಬಿಜು ಯಾವ ಲೆಕ್ಕ?

ನನ್ನ ಚೌಕಾಸಿಯ ಪದ್ಧತಿ ಈ ಅಂಕಣದ ಹಳೆಯ ಓದುಗರಿಗೆ ಗೊತ್ತೇ ಇದೆ. ಅಂಗಡಿಯವನು ಕೊಡುವ ಕುರ್ಚಿಯಲ್ಲಿ ಕೂರಬಾರದು. ಅವನು ತರಿಸುವ ಟೀ ಕುಡಿಯಬಾರದು. (ಕುಡಿದರೆ ಆಮೇಲೆ 'ಇನ್ನೂರು ಬಿಡು' ಅನ್ನಲು ನಾಲಿಗೆ ಹೊರಳುವುದಿಲ್ಲ.) ಹೊಸ ಡಬ್ಬ ಒಡೆಸಬಾರದು, ಷೋಕೇಸಿಗೆ ಇಟ್ಟ ಡೆಮೊ ಪೀಸನ್ನೇ ಕೇಳಬೇಕು. ಅದರ ಮೇಲೆ ಒಂದಾದರೂ ಗೀರು ಇದ್ದೇ ಇರುತ್ತದೆ. ಆ ಗೀರಿನ ಮೇಲೆ ಬೆರಳಾಡಿಸುತ್ತ ಸುಮ್ಮನೆ ನಿಲ್ಲಬೇಕು. ಮಾತಾಡಬಾರದು.

'ಸಾರೇ, ಗೀರು ಕಿವಿಗೆ ಕೇಳಲ್ಲ' ಅಂದ ಬಿಜು.

'ಕಣ್ಣಿಗೆ ಕಾಣುತ್ತಲ್ಲಪ್ಪ' ಅಂದೆ ನಾನು. ಅಲ್ಲಿಗೆ ಮೂರು ಸಾವಿರ ಇಳಿಯಿತು.

ಕೊನೆಗೆ ಬಿಲ್ ಬರೆಯುವಾಗ ಅವನು ಹೇಳಿದ, 'ನಾನೇ ಮನೆಗೆ ಬಂದು ಫಿಟ್ ಮಾಡಿ, ಸಬ್‌ವೂಫರ್ ಲೆವೆಲ್ ಎಲ್ಲ ಸೆಟ್ ಮಾಡಿ ಕೊಡ್ತೀನಿ ಸಾರೇ. ಸಾವಿರದ ಇನ್ನೂರು ಕೊಡಿ. ಅದು ಮುಖ್ಯ, ಕೇಟ್ಟೋ, ಕೇಳಿಸಿತಾ?'

ನಾಲ್ಕು ವೈರು ಚುಚ್ಚುವುದಕ್ಕೆ ಸಾವಿರದ ಇನ್ನೂರಾ? ಇಡೀ ಬಡಾವಣೆಗೆ ಪೈಪ್ ಲೈನ್ ಪ್ಲ್ಯಾನ್ ಹಾಕಿಕೊಡುವವನು ನಾನು. 'ನಾನೇ ಚುಚ್ಚಿಕೊಳ್ತೀನಿ ಬಿಡು' ಅಂದೆ. ಡೆಲಿವರಿಗೆ ಆರುನೂರು ಅಂದ. 'ಬಸ್ಸಿದೆಯಲ್ಲ' ಅಂದೆ.

ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕತಾಯಮ್ಮ ಸಿಕ್ಕರು. ನಮ್ಮ ಪಕ್ಕದ ಮನೆಯವರು. ಪಕ್ಕ ಅಂದರೆ ಎರಡು ಮನೆಗೂ ಸೇರಿ ಒಂದೇ ಗೋಡೆ. ಅರವತ್ತೈದರ ಆಸುಪಾಸು, ಮಗ ಸೊಸೆ ಜೊತೆಗಿದ್ದಾರೆ, ಊಟ ತಿಂಡಿಗೇನೂ ಕೊರತೆಯಿಲ್ಲ. ಆದರೆ ಎಲೆ ಅಡಿಕೆಗೆ, ಮೊಮ್ಮಗಳ ಕೈಗೆ ಹತ್ತು ರೂಪಾಯಿ ಇಡುವುದಕ್ಕೆ ಮಗನನ್ನು ಕೇಳುವವರಲ್ಲ. ನಾಟಿ ಕೋಳಿ ಸಾಕಿ, ಮೊಟ್ಟೆ ಮಾರಿ, ಆ ಕಾಸನ್ನು ಸೊಂಟದ ಚೀಲದಲ್ಲಿ ಇಟ್ಟುಕೊಂಡವರು. ಹೋದ ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂದು ಇಪ್ಪತ್ತು ಕೋಳಿ ಒಂದೇ ವಾರದಲ್ಲಿ ಹೋದವು. ಒಂದು ಕರಿ ಹೇಂಟೆ ಮಾತ್ರ ಉಳಿಯಿತು. ಅಂದಿನಿಂದ ಆ ಚೀಲ ಖಾಲಿ.

ಈಗ ಆ ಹೇಂಟೆ ಕಾವಿಗೆ ಕೂರುವ ಹದಕ್ಕೆ ಬಂದಿತ್ತು. ಮನೆಯಲ್ಲಿ ಹುಂಜವಿಲ್ಲ. ಅದಕ್ಕೇ ಭೀಮನಬೀಡಿನ ತಂಗಿ ಮನೆಗೆ ಹೋಗಿ ಬೀಜದ ಮೊಟ್ಟೆ ತರುತ್ತಿದ್ದರು. ಸ್ಟೀಲ್ ಡಬ್ಬಿಯೊಳಗೆ ರಾಗಿ, ರಾಗಿಯೊಳಗೆ ಹೂತಿಟ್ಟ ಮೊಟ್ಟೆ.

'ಜ್ವಾಪಾನ ಕನ ಮೊಗ, ಒಳಗ ಹನ್ನೊಂದು ಅವ' ಅಂದು, ಡಬ್ಬಿಯನ್ನು ತಂದು ನನ್ನ ಸಬ್‌ವೂಫರಿನ ಡಬ್ಬದ ಮೇಲೇ ಇಟ್ಟರು. ಥರ್ಮೊಕೋಲ್ ಹಾಕಿ ಪ್ಯಾಕ್ ಮಾಡಿದ್ದರಿಂದ ಅಲ್ಲಿ ಕುಲುಕು ಕಡಿಮೆಯಂತೆ.

ಕಂಡಕ್ಟರ್ ಬಂದ. ಚಿಕ್ಕತಾಯಮ್ಮನಿಗೆ ಫ್ರೀ ಟಿಕೆಟ್. ನನಗೆ ಟಿಕೆಟ್. ನನ್ನ ಡಬ್ಬಕ್ಕೆ ಲಗೇಜ್ ಟಿಕೆಟ್.

'ಅದ್ಯಾಕ ಮೊಗ, ನಿನ್ ಪೆಟ್ಟಿಗನೂ ಗಂಡ್ಸಾ?' ಅಂದರು ಚಿಕ್ಕತಾಯಮ್ಮ. ಇಡೀ ಬಸ್ಸು ನಕ್ಕಿತು. ತೆರಕಣಾಂಬಿಯ ಹಂಪುಗಳ ಮೇಲೆ ಬಸ್ಸು ಹಾರಿದಾಗಲೆಲ್ಲ ಇಬ್ಬರೂ ಡಬ್ಬಿಯನ್ನು ಕೈಯಿಂದ ಒತ್ತಿ ಹಿಡಿದೆವು. ಕೆಳಗೆ ನನ್ನ ಬಾಸು, ಮೇಲೆ ಅವರ ಮೊಟ್ಟೆ. ಎರಡೂ ಕ್ಷೇಮವಾಗಿ ಊರು ತಲುಪಿದವು.

ಮನೆಯಲ್ಲಿ ಫಿಟ್ ಮಾಡಿದೆ. ಸಬ್‌ವೂಫರ್ ಎಲ್ಲಿಡಬೇಕು? ಪ್ಲಗ್ ಇರುವ ಕಡೆ. ನಮ್ಮ ಹಾಲಿನಲ್ಲಿ ಖಾಲಿ ಪ್ಲಗ್ ಇದ್ದದ್ದು ಒಂದೇ ಮೂಲೆಯಲ್ಲಿ. (ಮನೆ ವೈರಿಂಗ್ ಮಾಡಿಸುವಾಗ ಎಲೆಕ್ಟ್ರಿಷಿಯನ್ ಪಾಯಿಂಟಿಗೆ ಇಷ್ಟು ಅಂತ ರೇಟು ಹೇಳಿದ್ದ. ನಾನು ನಾಲ್ಕು ಪಾಯಿಂಟ್ ಉಳಿಸಿದ್ದೆ. ಅದನ್ನೂ ಇದೇ ಅಂಕಣದಲ್ಲಿ ಹೆಮ್ಮೆಯಿಂದ ಬರೆದಿದ್ದೆ ಅಂತ ನೆನಪು. ಕ್ಷಮಿಸಿ.) ಆ ಮೂಲೆಗೆ, ಗೋಡೆಗೆ ಒತ್ತಿ ಪೆಟ್ಟಿಗೆ ಇಟ್ಟೆ. ಶೋಭಾ ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿ ಹೂದಾನಿ ಇಟ್ಟಳು.

ಪೆಟ್ಟಿಗೆಯ ಬೆನ್ನಿನಲ್ಲಿ ಲೆವೆಲ್ ಅಂತ ಒಂದು ತಿರುಪು. ನಡುವಿನಲ್ಲಿತ್ತು. ಭಾನುವಾರ ಮಧ್ಯಾಹ್ನ ಉಡಿಗಾಲದಿಂದ ಬಾಡೂಟಕ್ಕೆ ಬಂದ ನನ್ನ ಭಾಮೈದ ಮಾದೇಶನ ಕಣ್ಣು ಅದರ ಮೇಲೆ ಬಿತ್ತು.

'ಇದ್ಯಾನ ಬಾವ, ಇಪ್ಪತ್ಮೂರು ಸಾವ್ರಕ್ಕ ಇಷ್ಟೇಯಾ? ಎದ ಗುದ್ಬೇಕು ಕಣ್ ಬಾವ. ಅಟ್ಟದ ಮ್ಯಾಲಿನ ತಟ್ಟ ಅಳ್ಳಾಡ್ಬೇಕು!' ಅಂದವನೇ ತಿರುಪನ್ನು ಕೊನೆಯವರೆಗೂ ತಿರುಗಿಸಿಬಿಟ್ಟ.

ತಟ್ಟೆ ಅಲ್ಲಾಡಿದವು. ಲೋಟಗಳು ಕುಣಿದವು. ಹೂದಾನಿ ನಡೆದುಕೊಂಡು ಅಂಚಿಗೆ ಬಂತು. ನನಗೆ ರೋಮಾಂಚನವಾಯಿತು. ಅರ್ಧಕ್ಕೆ ಇಟ್ಟು ಕೇಳುವುದಾದರೆ ಅರ್ಧ ದುಡ್ಡು ಕೊಡಬೇಕಿತ್ತು, ಅಲ್ಲವೇ? ಪೂರ್ತಿ ಕೊಟ್ಟಿದ್ದೇನೆ, ಪೂರ್ತಿ ಬರಲಿ. ವ್ಯಾಪಾರಿಯ ತಲೆ ಓಡುವುದೇ ಹೀಗೆ.

ಹೆಂಡತಿ ಏನೋ ಕೇಳುತ್ತಿದ್ದಳು. ಬಾಯಿ ಅಲ್ಲಾಡಿದ್ದು ಕಂಡಿತು, ಕೇಳಿಸಲಿಲ್ಲ. ಪಾಜ್ ಒತ್ತಿ ನಿಲ್ಲಿಸಿದೆ.

'ಏನಂದ?' ಅನ್ನುತ್ತಿದ್ದಳು.

ಮರುದಿನ ಬೆಳಗ್ಗೆ ಚಿಕ್ಕತಾಯಮ್ಮ ನನ್ನ ಅಂಗಡಿಗೆ ಬಂದರು. 'ಮೊಗ, ಒಂದು ಮೊಳ ಕೊಡು, ಹಳೇದಾದ್ರೂ ಆಯ್ತದ.' ಗೋಡೆಗೆ ಕ್ಯಾಲೆಂಡರ್ ಹಾಕುವುದಕ್ಕೇನೋ ಅಂದುಕೊಂಡು ಒಂದು ಮೊಳೆ ಕೊಟ್ಟೆ.

ಮಂಗಳವಾರ ಬಂದರು. 'ಒಂದಿಡಿ ಕೊಡು ಮೊಗ.' ಒಂದು ಹಿಡಿ ಕೊಟ್ಟೆ. ಪಕ್ಕದ ಮನೆಯವರು, ತೂಕಕ್ಕೆ ಹಾಕಲಿಲ್ಲ. ಬುಧವಾರ ಕಬ್ಬಿಣದ ಸರಳಿನ ತುಂಡು ಕೇಳಿದರು. ಅದನ್ನೂ ಕೊಟ್ಟೆ. ಗುರುವಾರ ಬಂದು, 'ಹಾರೆ ಅದಾ ಮೊಗ? ಒಂದು ಹದಿನೈದ್ ದಿನ ಮಡಗಿದ್ದು ತಂದ್ಕೊಟ್ಟನಿ' ಅಂದರು.

ನನಗೆ ತಡೆಯಲಾಗಲಿಲ್ಲ. 'ಯಾನವ್ವ ಇದು? ಮನೆ ಕಟ್ತಾ ಇದ್ದೀರಾ, ಕೆಡವ್ತಾ ಇದ್ದೀರಾ?'

ಆ ಕಡೆ ಈ ಕಡೆ ನೋಡಿದರು. 'ಕೋಳಿಗ ಕನ ಮೊಗ. ಕಾವಿಗ ಕೂರ್ಸಿವ್ನಿ. ಗುಡುಗ್ ಬಂದ್ರ ಮೊಟ್ಟ ಕೆಟ್ಟೋಯ್ತವ. ಮಂಕರಿ ಒಳಗ ಕಬ್ಣ ಮಡಗಿದ್ರ ಗುಡುಗು ತಾಕಲ್ಲ.'

ನಮ್ಮ ಕಡೆ ಈ ಪದ್ಧತಿ ಇದೆ. ನನ್ನ ಅವ್ವನೂ ಮಂಕರಿಯೊಳಗೆ, ಅಂದರೆ ಕಾವಿನ ಬುಟ್ಟಿಯೊಳಗೆ, ಒಂದು ಮೊಳೆ, ಒಂದು ಇದ್ದಿಲ ಚೂರು ಹಾಕುತ್ತಿದ್ದಳು. ಅದು ಸರಿ. ಆದರೆ ಅಂಗಡಿಯಿಂದ ಬಗ್ಗಿ ಆಕಾಶ ನೋಡಿದೆ. ವಾರದಿಂದ ಒಂದು ತುಂಡು ಮೋಡ ಇಲ್ಲ.

'ಎಲ್ಲವ್ವ ಗುಡುಗು?'

ಚಿಕ್ಕತಾಯಮ್ಮ ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. 'ನಿಮ್ಮನೇದು ಮೊಗ.'

ನನ್ನ ಪೆಟ್ಟಿಗೆಯ ಗುಡುಗನ್ನು ಈ ಹೆಂಗಸು ನನ್ನದೇ ಅಂಗಡಿಯ ಮೊಳೆ ತಂದು ತಡೆಯುತ್ತಿದ್ದರು, ನಾಲ್ಕು ದಿನದಿಂದ!

'ಒಂದು ಮಾತು ಹೇಳಬಾರದಿತ್ತಾ?'

'ಯಾನ್ ಹೇಳಾದು ಬುಡು. ನೀನು ಕಾಸ್ ಕೊಟ್ಟು ತಂದಿವೆ, ಕೇಳ್ತಿದ್ದೆ. ನನ್ ಕೋಳಿಗ ನಾನು ಕಬ್ಣ ಮಡಗ್ತಿದ್ದಿ. ಅದ್ರೊಳಗ ಜಗಳ ಯಾಕ?'

ಬೈದಿದ್ದರೆ ಎದುರು ಮಾತಾಡಬಹುದಿತ್ತು. ನನ್ನ ಮನೆ, ನನ್ನ ಪೆಟ್ಟಿಗೆ, ಹಗಲು ಹೊತ್ತು, ಕಾನೂನು ಅಂತೆಲ್ಲ ವಾದ ಹೂಡಬಹುದಿತ್ತು. ಹಾರೆ ಕೇಳಿದವರ ಹತ್ತಿರ ಏನು ವಾದ ಮಾಡುತ್ತೀರಿ? ಅಂಗಡಿಗೆ ಅರ್ಧ ಷಟರ್ ಎಳೆದು ಅವರ ಜೊತೆ ಹೊರಟೆ.

ಅವರ ಮನೆಯೊಳಗೆ ಗೋಡೆಯ ಪಕ್ಕದಲ್ಲಿ ಮಂಕರಿ. ಸುತ್ತ ನನ್ನ ಮೊಳೆ, ನನ್ನ ಸರಳು. ಮಧ್ಯೆ ಕರಿ ಹೇಂಟೆ ರೆಕ್ಕೆ ಹರಡಿ ಕೂತಿತ್ತು, ಅಲ್ಲಾಡದೆ, ಪಿಳಿಪಿಳಿ ಕಣ್ಣು ಬಿಟ್ಟುಕೊಂಡು. ಆ ಗೋಡೆ ಯಾವುದು ಅಂತ ನೋಡಿದೆ. ನಮ್ಮ ಹಾಲಿನದೇ. ಮಂಕರಿಯ ಬೆನ್ನಿಗೆ ಸರಿಯಾಗಿ ನನ್ನ ಸಬ್‌ವೂಫರ್. ನಡುವೆ ಇರುವುದು ಒಂದು ಸಾಲು ಇಟ್ಟಿಗೆ.

ಶೋಭಾಳಿಗೆ ಫೋನ್ ಮಾಡಿ, 'ಟಿವಿ ಹಾಕು, ತಿರುಪು ಫುಲ್ ಇರಲಿ, ನಿನ್ನೆ ನೋಡಿದ ಫೈಟಿಂಗ್ ಸೀನ್ ಹಾಕು' ಅಂದೆ.

ಹಾಕಿದಳು. ನಮ್ಮ ಮನೆಯ ಹೋಮ್ ಥಿಯೇಟರ್ ಹೊರಗಿನಿಂದ ಹೇಗೆ ಕೇಳುತ್ತದೆ ಅಂತ ಮೊದಲ ಸಲ ಕೇಳಿದೆ. ಡೈಲಾಗ್ ಇಲ್ಲ. ಪಿಟೀಲಿಲ್ಲ. ಹೀರೋ, ವಿಲನ್ ಇಬ್ಬರೂ ಇಲ್ಲ. ಧುಮ್. ಧುಮ್. ಧುಮ್ ಧುಮ್. ಸಣ್ಣ ದನಿಗಳನ್ನು ಗೋಡೆ ಅಲ್ಲೇ ತಡೆದುಕೊಳ್ಳುತ್ತದೆ, ದಪ್ಪ ದನಿ ಮಾತ್ರ ದಾಟಿ ಬರುತ್ತದೆ. ನಮಗೆ ಸಿನಿಮಾ, ಪಕ್ಕದವರಿಗೆ ಗುದ್ದು.

ಮೂರನೇ ಗುದ್ದಿಗೆ ಹೇಂಟೆ ಎದ್ದಿತು. ಕತ್ತು ಉದ್ದ ಮಾಡಿ ಗೋಡೆ ನೋಡಿತು. ಮೊಟ್ಟೆಗಳನ್ನು ಬಿಟ್ಟು ಮಂಕರಿಯ ಅಂಚಿಗೆ ಬಂದು ನಿಂತುಕೊಂಡಿತು.

'ನೋಡ್ದಾ?' ಅಂದರು ಚಿಕ್ಕತಾಯಮ್ಮ, ಪಿಸುದನಿಯಲ್ಲಿ. 'ಇಂಗೇಯ. ಎದ್ರ ಒಂದೊಂದ್ ಗಂಟ ಕೂರಲ್ಲ. ಮೊಟ್ಟ ತಣ್ಣಗಾಯ್ತವ.'

ಗುಡುಗು ಮೊಟ್ಟೆಯನ್ನು ಕೆಡಿಸುತ್ತದೋ ಇಲ್ಲವೋ, ನಾನು ವಿಜ್ಞಾನಿಯಲ್ಲ. ಆದರೆ ಕಾವು ಬಿಟ್ಟೆದ್ದ ಕೋಳಿಯ ಕೆಳಗೆ ಮರಿ ಆಗುವುದಿಲ್ಲ ಅನ್ನುವುದಕ್ಕೆ ವಿಜ್ಞಾನಿ ಬೇಕಾಗಿಲ್ಲ. ಎಲ್ಲ ಕಳೆದುಕೊಂಡವರ ಹೊಸ ಹಿಂಡು ಆ ಮಂಕರಿಯಲ್ಲಿತ್ತು. ಅದನ್ನು ತಣ್ಣಗಾಗಿಸುತ್ತಿದ್ದವನು ನಾನು.

'ಮಂಕರಿಯನ್ನು ಆ ರೂಮಿಗೆ ಇಡೋಣವಾ?'

'ಕೂತ ಜಾಗ ಬದ್ಲಾಯಿಸ್ಬಾರ್ದು ಮೊಗ. ಆಮ್ಯಾಕ ಕೂರನೇ ಕೂರಲ್ಲ.'

ಆಗ ನನ್ನೊಳಗಿನ ವ್ಯಾಪಾರಿ ಬಾಯಿ ಹಾಕಿದ. 'ಹಂಗಾದ್ರೆ ಹನ್ನೊಂದು ಮೊಟ್ಟೆ ದುಡ್ಡು ನಾನು ಕೊಡ್ತೀನವ್ವ. ನಾಟಿ ಮೊಟ್ಟೆ ರೇಟೇ ಹಾಕೋಣ.'

ಚಿಕ್ಕತಾಯಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದರು. 'ಮೊಟ್ಟ ದುಡ್ ನೀ ಕೊಟ್ಟೀಯ. ಮರಿ ದುಡ್ ಯಾರ್ ಕೊಟ್ಟಾರು? ಆ ಮರಿ ದೊಡ್ಡವಾಗಿ ಇಕ್ಕಾ ಮೊಟ್ಟ ದುಡ್ಡು? ಅವುಗಳ ಮರಿಗಳ ದುಡ್ಡು? ಲೆಕ್ಕ ಆಕು, ಅಂಗಡಿ ಮಡಗಿವೆಯಲ್ಲ!'

ಹಾಕಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಚೌಕಾಸಿಯಲ್ಲಿ ಸೋತೆ.

ಮನೆಗೆ ಬಂದು ಬಿಜುಗೆ ಫೋನ್ ಮಾಡಿದೆ. ಅವನು ಕೇಳಿದ್ದು ಮೂರೇ ಪ್ರಶ್ನೆ. ಪೆಟ್ಟಿಗೆ ಎಲ್ಲಿದೆ? ಮೂಲೆಯಲ್ಲಿ. ಗೋಡೆಗೆ ಎಷ್ಟು ದೂರ? ಒತ್ತಿಕೊಂಡೇ ಇದೆ. ಲೆವೆಲ್ ಎಷ್ಟು? ಫುಲ್.

'ಅಯ್ಯೋ ಎಂಡೆ ಸಾರೇ!' ಅಂದ. 'ನೀವು ಕೇಳ್ತಾ ಇರೋದು ಬಾಸ್ ಅಲ್ಲ, ಗೋಡೆ! ನಾಳೆ ಬರ್ತೀನಿ. ಸಾವಿರದ ಇನ್ನೂರು.'

'ಆಯ್ತು ಬಾ' ಅಂದೆ. ಶೋಭಾ ಬಂದು ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ಅವನು ಬರುವವರೆಗೂ ಪೆಟ್ಟಿಗೆಯ ಸ್ವಿಚ್ ಆಫ್. ಬಂದವನು ಮೊದಲು ಮಾಡಿದ ಕೆಲಸ ನೋಡಿ ನಾನೇ ಗಾಬರಿಯಾದೆ. ಸಬ್‌ವೂಫರನ್ನು ಎತ್ತಿ, ನಾನು ಕೂರುವ ಸೋಫಾದ ಮೇಲೆ, ಸರಿಯಾಗಿ ನನ್ನ ಜಾಗದಲ್ಲಿ ಕೂರಿಸಿದ. ಒಂದೇ ಸಮನೆ ತಮಟೆಯ ಹಾಗೆ ಬಡಿಯುವ ಹಾಡು ಹಾಕಿದ, ಮೆಲ್ಲಗೆ. 'ಈಗ ನೀವು ನೆಲದ ಮೇಲೆ ಅಂಬೆಗಾಲು ಇಡಿ ಸಾರೇ.'

'ನಾನಾ?'

'ಕಿವಿ ನಿಮ್ಮದಲ್ವಾ? ಗೋಡೆ ಪಕ್ಕದಲ್ಲೇ ಒಂದು ಸುತ್ತು ಬನ್ನಿ. ಎಲ್ಲಿ ಬಾಸ್ ಊದಿಕೊಳ್ಳದೆ, ಕಳೆದೂ ಹೋಗದೆ, ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳುತ್ತೋ, ಅಲ್ಲಿ ನಿಲ್ಲಿ.'

ಐವತ್ತೆರಡು ವಯಸ್ಸಿನಲ್ಲಿ, ಲುಂಗಿ ಎತ್ತಿ ಕಟ್ಟಿ, ನಮ್ಮದೇ ಹಾಲಿನಲ್ಲಿ ಮಂಡಿಯೂರಿ ಹೊರಟೆ. ನಂಬಲೇಬೇಕು, ಪ್ರತಿ ಮಾರಿಗೂ ದನಿ ಬೇರೆ. ನನ್ನ ಹಳೆಯ ಮೂಲೆಯಲ್ಲಿ ಬರೀ ಗುಂಯ್ ಅನ್ನುವ ಗದ್ದಲ. ಬಾಗಿಲ ಹತ್ತಿರ ಬಾಸೇ ಇಲ್ಲ. ಶೋಭಾ ನಕ್ಕೂ ನಕ್ಕೂ ಸುಸ್ತಾಗಿ ಅಡುಗೆಮನೆಯ ಬಾಗಿಲಿಗೆ ಒರಗಿದ್ದಳು. ಅಷ್ಟರಲ್ಲಿ ಚಿಕ್ಕತಾಯಮ್ಮ ಬಂದು ಹೊಸಿಲಲ್ಲೇ ನಿಂತರು.

'ಯಾನ್ ಕಳ್ಕಂಡ್ಯ ಮೊಗ?'

'ಬಾಸ್ ಹುಡುಕ್ತಾ ಇದ್ದೀನವ್ವ.'

'ಸಿಕ್ಕುದ್ರ ಆಚ್ಗ ಬುಟ್ಬುಡಪ್ಪ, ಪುಣ್ಯ ಬತ್ತದ.'

ಬೀದಿ ಕಡೆಯ ಗೋಡೆಯ ಹತ್ತಿರ, ಟಿವಿಯ ಎಡಕ್ಕೆ, ನೀರಿನ ತಳ ಕಂಡ ಹಾಗೆ ದನಿ ತಿಳಿಯಾಯಿತು. ಪೆಟ್ಟಿಗೆ ಅಲ್ಲಿಗೆ ಹೋಯಿತು, ಗೋಡೆಯಿಂದ ಒಂದು ಮೊಳ ಮುಂದೆ, ಅಡಿಗೆ ನನ್ನ ಅಂಗಡಿಯ ದಪ್ಪ ರಬ್ಬರ್ ಮ್ಯಾಟ್. ಪ್ಲಗ್ ಇಲ್ಲ, ಅಂಚಿನಲ್ಲೇ ಉದ್ದ ವೈರ್ ಎಳೆಯಬೇಕಾಯಿತು. (ನಾಲ್ಕು ಪಾಯಿಂಟ್ ಉಳಿಸಿದ್ದರ ಫಲ.)

ಆಮೇಲೆ ಲೆವೆಲ್. ಪೆಟ್ಟಿಗೆಯ ತಿರುಪು ನಡುವಿಗೆ ಬಂತು. ಪಕ್ಕದಲ್ಲಿದ್ದ ಕ್ರಾಸ್‌ಓವರ್ ಎಂಬ ಇನ್ನೊಂದು ತಿರುಪನ್ನು ಬಿಜು ಎಂಬತ್ತಕ್ಕೆ ತಂದ. ಯಾವ ದಪ್ಪದಿಂದ ಕೆಳಗಿನ ದನಿ ಪೆಟ್ಟಿಗೆಗೆ ಹೋಗಬೇಕು ಅನ್ನುವುದನ್ನು ಅದು ತೀರ್ಮಾನಿಸುತ್ತದೆ. ಜಾಸ್ತಿ ಇಟ್ಟರೆ ಗಂಡಸರ ಮಾತೂ ಅದರೊಳಗೆ ನುಗ್ಗಿ, ಬಿಂದಿಗೆಯೊಳಗೆ ಮಾತಾಡಿದ ಹಾಗಾಗುತ್ತದೆ. (ಈಗ ಅರ್ಥವಾಯಿತು, 'ಏನಂದ?' ಯಾಕೆ ಹೆಚ್ಚಾಗಿತ್ತು ಅಂತ.) ಪೆಟ್ಟಿಗೆಯ ದನಿ ಉಳಿದ ಸ್ಪೀಕರುಗಳ ಜೊತೆ ಹೆಜ್ಜೆ ಹಾಕುವುದಕ್ಕೆ ಫೇಸ್ ಅಂತ ಒಂದು ಸ್ವಿಚ್, ಸೊನ್ನೆ ಅಥವಾ ನೂರಾ ಎಂಬತ್ತು. ನಾನು ಸೋಫಾದಲ್ಲಿ ಕೂತೆ, ಅವನು ಎರಡನ್ನೂ ಹಾಕಿ ತೋರಿಸಿದ. ಯಾವುದರಲ್ಲಿ ದನಿ ತುಂಬಿ ಬಂತೋ ಅಲ್ಲಿಗೆ ಬಿಟ್ಟ. ಇಷ್ಟೇ.

ರಿಸೀವರಿನಲ್ಲಿ ಪರೀಕ್ಷೆಯ ಸದ್ದು ಇರುತ್ತದೆ, ಶ್‌ ಶ್‌ ಅಂತ ಪ್ರೆಷರ್ ಕುಕ್ಕರಿನ ಹಾಗೆ. ಒಂದೊಂದು ಸ್ಪೀಕರಿನಿಂದಲೂ ಅದನ್ನು ಬಿಟ್ಟು, ಮೊಬೈಲಿನ ಸದ್ದು ಅಳೆಯುವ ಆ್ಯಪ್ ಹಿಡಿದು, ಎಲ್ಲವೂ ಹೆಚ್ಚುಕಡಿಮೆ ಒಂದೇ ನಂಬರ್ ತೋರಿಸುವಂತೆ ಮಾಡಿದ. ಸಬ್‌ವೂಫರೂ ಅದೇ ನಂಬರ್. ಒಂದು ಗೆರೆ ಮೇಲಿಲ್ಲ.

'ಇದು ಸಾಕಾ?' ಅಂದೆ. ಪೆಟ್ಟಿಗೆ ಕೆಲಸ ಮಾಡುತ್ತಿದೆ ಅಂತಲೇ ಅನ್ನಿಸಲಿಲ್ಲ.

ಬಿಜು ಸಬ್‌ವೂಫರ್ ಆಫ್ ಮಾಡಿದ. ಅಯ್ಯೋ! ಸಿನಿಮಾ ಇದ್ದಕ್ಕಿದ್ದಂತೆ ಬಡಕಲಾಗಿಬಿಟ್ಟಿತು. ಮತ್ತೆ ಆನ್ ಮಾಡಿದ. ಮೈ ತುಂಬಿಕೊಂಡಿತು.

'ಇದ್ದಾಗ ಗೊತ್ತಾಗಬಾರದು ಸಾರೇ, ಇಲ್ಲದಾಗ ಗೊತ್ತಾಗಬೇಕು. ಅದೇ ಲೆವೆಲ್.'

ಟಿವಿ ನೋಡುತ್ತಿದ್ದ ಶೋಭಾ ತಟ್ಟನೆ ಅಂದಳು, 'ರೀ, ಅವನ ಮಾತು ಕೇಳಿಸ್ತಾ ಇದೆ.' ಆಮೇಲೆ, ಒಂಥರಾ ತಪ್ಪೊಪ್ಪಿಗೆಯ ದನಿಯಲ್ಲಿ, 'ನೀವು ಅಂಗಡಿಗೆ ಹೋದ ಮೇಲೆ ದಿನಾ ನಾನು ಆ ತಿರುಪು ಇಳಿಸ್ತಾ ಇದ್ದೆ ಕಣ್ರೀ. ನೀವು ಬಂದು ದಿನಾ ಏರಿಸ್ತಾ ಇದ್ರಿ.'

ಹಾಗಾದರೆ ಈ ಮನೆಯಲ್ಲಿ ಲೆವೆಲ್ ಗೊತ್ತಿಲ್ಲದವನು ನಾನೊಬ್ಬನೇ!

ಕೊನೆಯ ಪರೀಕ್ಷೆ ಬಾಕಿ ಇತ್ತು. ನಾನು ಚಿಕ್ಕತಾಯಮ್ಮನ ಮನೆಗೆ ಹೋಗಿ ಮಂಕರಿಯಿಂದ ಮಾರು ದೂರದಲ್ಲಿ ಮಣೆ ಹಾಕಿ ಕೂತೆ. ಫೋನಿನಲ್ಲಿ ಶೋಭಾ. ಅದೇ ಫೈಟಿಂಗ್ ಸೀನ್. ಬಂತು, ಎಲ್ಲೋ ದೂರದಲ್ಲಿ ಯಾರೋ ಚಾಪೆ ಕೊಡವಿದ ಹಾಗೆ. ಕೋಳಿ ಒಂದು ಕಣ್ಣು ತೆರೆಯಿತು. 'ಇನ್ನೆರಡು ಗೆರೆ ಇಳಿಸು' ಅಂದೆ. ಇಳಿಸಿದಳು. ಕೋಳಿ ಕಣ್ಣು ಮುಚ್ಚಿತು. 'ಅಲ್ಲೇ ಬಿಡು. ಫಿಕ್ಸ್.'

ಬಿಜುವಿನ ಆ್ಯಪ್ ಹೇಳಿದ್ದಕ್ಕಿಂತ ಎರಡು ಗೆರೆ ಕಡಿಮೆ. ನಮ್ಮ ಸೋಫಾದಲ್ಲಿ ಕೂತರೆ ಆ ವ್ಯತ್ಯಾಸ ನನಗಂತೂ ಗೊತ್ತಾಗಲಿಲ್ಲ.

ಇಪ್ಪತ್ತೊಂದನೇ ದಿನ, ಅಂದರೆ ಮರಿ ಒಡೆಯುವ ದಿನ, ಅಂಗಡಿಯಲ್ಲಿದ್ದರೂ ಗಮನವೆಲ್ಲ ಆ ಮಂಕರಿಯ ಮೇಲೆ. ಗಿರಾಕಿ ಪೈಪು ತಿರುಗಿಸುವ ಅರ್ಧ ಇಂಚಿನ ಎಲ್ಬೋ ಕೇಳಿದರೆ ಮುಕ್ಕಾಲಿಂಚಿಂದು ಕೊಟ್ಟೆ. ಹನ್ನೊಂದು ಗಂಟೆಗೆ ಶೋಭಾಳ ಫೋನ್. 'ಬನ್ನಿ ಬೇಗ, ಚಿಕ್ಕತಾಯಮ್ಮ ಕರೀತಾವ್ರೆ.' ದನಿಯಲ್ಲಿ ಏನಿದೆ ಅಂತ ತಿಳಿಯಲಿಲ್ಲ. ಓಡಿದೆ.

ಒಂಬತ್ತು ಮರಿ. ಒದ್ದೆ ಒದ್ದೆ, ಕರಿಯವು ಐದು, ಕಂದು ನಾಲ್ಕು. ಹೇಂಟೆ ರೆಕ್ಕೆ ಎತ್ತಿದರೆ ಸಾಕು, ಚಿಲಿಪಿಲಿ ಚಿಲಿಪಿಲಿ.

ಉಳಿದ ಎರಡನ್ನು ಚಿಕ್ಕತಾಯಮ್ಮ ಕಿವಿಯ ಹತ್ತಿರ ಅಲ್ಲಾಡಿಸಿ ಪಕ್ಕಕ್ಕಿಟ್ಟರು. 'ಇವು ಬೀಜ ಇಲ್ದವು ಕನ ಮೊಗ. ನಿಂದಲ್ಲ ಬುಡು.'

ನಿಜವಾಗಿಯೂ ಹಾಗೇನಾ, ಇಲ್ಲ ನನಗೋಸ್ಕರ ಹೇಳಿದರಾ? ಕೇಳಲಿಲ್ಲ. ಆ ಎರಡು ನನ್ನ ಖಾತೆಗೇ ಇರಲಿ.

'ಅಂತೂ ಲೆವೆಲ್ ಇಳಿಸಿದ್ದು ಒಳ್ಳೇದಾಯ್ತು' ಅಂದೆ, ಸ್ವಲ್ಪ ಹೊಗಳಿಕೆ ಸಿಗಬಹುದು ಅಂತ.

'ಯಾವ್ ಲೆವ್ವಲ್ಲು?' ಅಂದರು ಚಿಕ್ಕತಾಯಮ್ಮ. 'ಕಬ್ಣ ಮಡಗಿದ್ಕ ಉಳ್ಕಂಡೊ ಕನ. ನಿನ್ ಅಂಗ್ಡಿ ಕಬ್ಣ ಭೇಷಾಗದ!'

ನಾನು ತಿದ್ದಲಿಲ್ಲ. ನನ್ನ ಅಂಗಡಿಯ ಮಾಲನ್ನು ಹೊಗಳಿದವರ ಜೊತೆ ವಾದ ಮಾಡುವಷ್ಟು ದಡ್ಡ ವ್ಯಾಪಾರಿ ನಾನಲ್ಲ.

ಈಗ ನಿಮ್ಮ ವಿಷಯಕ್ಕೆ ಬರೋಣ. ಹೋಮ್ ಥಿಯೇಟರ್ ತರುವವರಿದ್ದರೆ ಬೆಲೆಯಲ್ಲಿ ಎಷ್ಟು ಬೇಕಾದರೂ ಎಳೆದಾಡಿ, ಆದರೆ ಸೆಟ್ ಮಾಡಿಕೊಡುವವನ ಕೂಲಿಯಲ್ಲಿ ಎಳೆಯಬೇಡಿ. ಅವನನ್ನು ಕರೆಯುವುದಿಲ್ಲ ಅನ್ನುವವರು ಮಂಡಿಗೆ ಒಂದು ದಿಂಬು ಕಟ್ಟಿಕೊಂಡು ನೀವೇ ಅಂಬೆಗಾಲಿಡಿ. ನಾಚಿಕೆ ಪಡಬೇಡಿ, ಬಾಗಿಲು ಮಾತ್ರ ಹಾಕಿಕೊಳ್ಳಿ. ಪೆಟ್ಟಿಗೆಯನ್ನು ಮೂಲೆಗೆ ತುರುಕಬೇಡಿ, ಪಕ್ಕದವರ ಗೋಡೆಗಂತೂ ಬೇಡವೇ ಬೇಡ. ತಿರುಪು ನಡುವಿನಿಂದ ಶುರುವಾಗಲಿ. ನಿಮಗೆ ಪೂರಾ ಗೊತ್ತಿರುವ ಸಿನಿಮಾ ಹಾಕಿ, ಗುದ್ದನ್ನು ಕೇಳಬೇಡಿ, ಮಾತು ಕೇಳಿ. ಮಾತು ತಿಳಿಯಾಗಿದ್ದರೆ ಲೆವೆಲ್ ಸರಿ ಇದೆ ಅಂತಲೇ ಅರ್ಥ. ನಂಟರು ಬಂದು 'ಇಷ್ಟೇಯಾ?' ಅಂದರೆ ಇನ್ನೊಂದು ತುಂಡು ಬಡಿಸಿ, ತಿರುಪಿನ ಹತ್ತಿರ ಬಿಡಬೇಡಿ.

ಮನೆ ಕಟ್ಟುತ್ತಿರುವವರು ಪ್ಲಗ್ ಪಾಯಿಂಟ್ ಉಳಿಸಬೇಡಿ. ನಾನೇ ಹೇಳುತ್ತಿದ್ದೇನೆ ಅಂದರೆ ಯೋಚನೆ ಮಾಡಿ.

ಎಲ್ಲ ಆದ ಮೇಲೆ ಟಿವಿಯನ್ನು ಓಡಲು ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ಹೋಗಿ. ಒಂದು ಲೋಟ ಕಾಫಿ ಕೇಳಿ, ಹತ್ತು ನಿಮಿಷ ಕೂತುಕೊಳ್ಳಿ. ಮೊಬೈಲಿಗೆ ಯಾವ ಆ್ಯಪ್ಪೂ ಬೇಡ.

ಅಂದಹಾಗೆ, ನಿಮ್ಮ ಮನೆಯ ಸದ್ದನ್ನು ಗೋಡೆಯ ಆ ಕಡೆ ಕೂತು ನೀವು ಒಂದು ಸಲವಾದರೂ ಕೇಳಿದ್ದೀರಾ?